ಏಳು ಶನಿವಾರಗಳ ಊರು

2024ರ ಜನವರಿ 11ರ ಬೆಳಿಗ್ಗೆ, ಇನ್ನೂ ಆರೂವರೆ ಆಗಿರಲಿಲ್ಲ, ಅಲಬಾಮಾ ರಾಜ್ಯದ ಟಸ್ಕಲೂಸಾದಿಂದ ಫೋನ್ ಬಂತು. ಅಷ್ಟು ಹೊತ್ತಿಗೆ ಅಮೆರಿಕದಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಅಲ್ಲಿ ಹಿಂದಿನ ದಿನದ ಸಂಜೆ. ಗೆಳತಿ ಮಾತಾಡಿದಳು. "ಅಕ್ಕ, ಸೇಬನ್ ರಿಟೈರ್ ಆಗ್ಬಿಟ್ರು. ಇವರು ಊಟಾನೇ ಮಾಡ್ತಿಲ್ಲ. ಆ ಫ್ಲಾಟ್ ಈಗಲೇ ಮಾರ್ಬಿಡೋಣ ಅಂತಿದಾರೆ. ನೀವೇನಂತೀರಾ?"

ಅವಳು ಮೈಸೂರಿನವಳು. ಗಂಡ ಊರಾಚೆಯ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಅವರು ಇರುವ ಮನೆ ಬೇರೆ. ಈ ಫ್ಲಾಟನ್ನು 2019ರಲ್ಲಿ ಸಾಲ ಮಾಡಿ ಕೊಂಡಿದ್ದರು. ಸ್ಟೇಡಿಯಂನಿಂದ ಹತ್ತು ನಿಮಿಷದ ನಡಿಗೆ. ವರ್ಷವಿಡೀ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡಬಹುದು, ಮುಂದೆ ಮಗಳ ಓದಿಗೆ ಆಗುತ್ತದೆ ಅನ್ನೋ ಲೆಕ್ಕ. ಆ ರಸ್ತೆ ನನಗೂ ಚೆನ್ನಾಗಿ ಗೊತ್ತು.

ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್‌ನ ಕೋಚ್ ಒಬ್ಬರು ಕೆಲಸ ಬಿಟ್ಟರೆ ಫ್ಲಾಟಿನ ಬೆಲೆ ಬೀಳುತ್ತಾ? ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಆ ಊರಿನಲ್ಲಿ ಆರು ವರ್ಷ ಇದ್ದವಳು ನಾನು. 2007ರ ಆಗಸ್ಟಿನಲ್ಲಿ ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡಲು ಅಲಬಾಮಾ ಯೂನಿವರ್ಸಿಟಿಗೆ ಹೋದೆ. ನಿಕ್ ಸೇಬನ್ ಅಲ್ಲಿಗೆ ಕೋಚ್ ಆಗಿ ಬಂದದ್ದು ಅದೇ ವರ್ಷದ ಜನವರಿಯಲ್ಲಿ. ನಾನು ಅಲ್ಲಿದ್ದಾಗಲೇ ಅವರ ತಂಡ ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಮೇಲೆ ಇನ್ನೂ ಮೂರು ಸಲ. ಆ ಗೆಲುವುಗಳ ಜೊತೆಜೊತೆಗೇ ಊರು ಬೆಳೆದದ್ದನ್ನು ಕಣ್ಣಾರೆ ನೋಡಿದ್ದೇನೆ.

"ಅವಸರ ಮಾಡಬೇಡಿ, ಸ್ವಲ್ಪ ದಿನ ನೋಡಿ" ಅಂತ ಹೇಳಿ ಫೋನ್ ಇಟ್ಟೆ. ಆದರೆ ಆ ಇಡೀ ದಿನ ನನಗೇ ಸಮಾಧಾನ ಇರಲಿಲ್ಲ. ಅವಳ ದನಿಯಲ್ಲಿದ್ದ ಭಯ ನಾನು ಮೊದಲೂ ಕೇಳಿದ್ದ ಭಯ. ನಮ್ಮ ಊರಲ್ಲಿ.

ಸೈರನ್ನಿನ ಊರಿಂದ

ನಾನು ಭದ್ರಾವತಿಯವಳು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಆ ಊರಲ್ಲಿ ಹುಟ್ಟಿದವರಿಗೆ ಸೈರನ್ ಏನು ಅಂತ ಹೇಳಬೇಕಾಗಿಲ್ಲ. ಅಮ್ಮ ಅನ್ನಕ್ಕೆ ಇಡುತ್ತಿದ್ದದ್ದು ಸೈರನ್ ಕೇಳಿಯೇ. ಶಿಫ್ಟ್ ಬಿಟ್ಟಾಗ ಸೈಕಲ್ಲುಗಳ ಸಾಲು ರಸ್ತೆ ತುಂಬ ಹರಿದು ಬರುತ್ತಿತ್ತು. ಸಂಬಳದ ದಿನ ಯಾವುದು ಅಂತ ಅಪ್ಪನಿಗಿಂತ ಚೆನ್ನಾಗಿ ದಿನಸಿ ಅಂಗಡಿಯವರಿಗೆ ಗೊತ್ತಿತ್ತು. ಉದ್ದರಿ ಪುಸ್ತಕದಲ್ಲಿ ನಮ್ಮ ಪುಟದ ಲೆಕ್ಕ ಆ ಹೊತ್ತಿಗೆ ಕೂಡಿಸಿ ಇಟ್ಟಿರುತ್ತಿದ್ದರು. ಬಟ್ಟೆ ಅಂಗಡಿ, ಕ್ಷೌರದ ಅಂಗಡಿ, ಟಾಕೀಸು, ಎಲ್ಲರ ಕ್ಯಾಲೆಂಡರೂ ಅದೇ.

1923ರಲ್ಲಿ ಅಲ್ಲಿ ಕಬ್ಬಿಣ ಕರಗಲು ಶುರುವಾಯಿತು. ಭದ್ರಾ ನದಿಯ ದಡದ ಸಣ್ಣ ಊರು ದೊಡ್ಡದಾಯಿತು. ಆಮೇಲೆ ಪೇಪರ್ ಮಿಲ್ ಬಂತು. ಒಂದು ಕಾಲದಲ್ಲಿ ಆ ಎರಡರಲ್ಲೊಂದು ಕಡೆ ದುಡಿಯುವವರು ಇಲ್ಲದ ಮನೆ ಸಿಗುವುದೇ ಕಷ್ಟವಿತ್ತು. ಬರಬರುತ್ತಾ ಕೆಲಸಗಾರರು ಕಡಿಮೆಯಾದರು. ಪೇಪರ್ ಮಿಲ್ ನಿಂತೇಹೋಯಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದಾಗ ಊರಿಗೆ ಊರೇ ಬೀದಿಗಿಳಿಯಿತು. ಆಮೇಲೆ ಕೆಲಸ ಅಷ್ಟಿಷ್ಟು ಮತ್ತೆ ಶುರುವಾಯಿತು, ಸರಿ. ಆದರೆ ನಾವು ಮೊದಲು ಇದ್ದ ಕ್ವಾರ್ಟರ್ಸಿನ ಸಾಲಿಗೆ ಕೆಲವು ವರ್ಷದ ಹಿಂದೆ ಹೋಗಿದ್ದೆ. ಅಮ್ಮ ಅಡುಗೆ ಮಾಡುತ್ತಿದ್ದ ಕೋಣೆಯ ಕಿಟಕಿಯ ಸಂದಿಯಲ್ಲಿ ಅರಳಿ ಗಿಡ ಹುಟ್ಟಿತ್ತು. ಬೆರಳಿನಷ್ಟು ದಪ್ಪದ ಬೇರು ಗೋಡೆಯೊಳಗೆ ಇಳಿದಿತ್ತು.

ಒಂಟಿ ಕಂಬದ ಚಪ್ಪರದ ಕೆಳಗೆ ಬೆಳೆದವರಿಗೆ ಎಲ್ಲಿ ಹೋದರೂ ಮೊದಲು ಕಂಬವೇ ಕಾಣುತ್ತದೆ. ಟಸ್ಕಲೂಸಾದಲ್ಲಿ ಇಳಿದ ವಾರದಲ್ಲೇ ನನಗೆ ಅದು ಕಂಡಿತು.

ಸದ್ದಿಲ್ಲದ ಒಂದು ಶನಿವಾರ

ನಾನು ಎಂ.ಎಸ್ಸಿ. ಓದಿದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಅಲ್ಲೂ ಕ್ರೀಡಾಕೂಟ ಆಗುತ್ತಿತ್ತು. ಓಡುವವರು, ಖೋ ಖೋ ಆಡುವವರು, ಒಂದಿಬ್ಬರು ಮೇಷ್ಟ್ರು. ನೋಡುವವರು ಅಂದರೆ ತಮ್ಮ ಸರದಿ ಕಾಯುತ್ತಿದ್ದ ಬೇರೆ ಕಾಲೇಜಿನ ಹುಡುಗರು, ಅವರನ್ನು ಕರೆತಂದ ಬಸ್ಸಿನ ಡ್ರೈವರು. ಗೆದ್ದವರ ಹೆಸರು ಮರುದಿನ ನೋಟಿಸ್ ಬೋರ್ಡಿನಲ್ಲಿ. ಅಷ್ಟೇ. ಯೂನಿವರ್ಸಿಟಿಯ ಆಟ ಅಂದರೆ ನನಗೆ ಗೊತ್ತಿದ್ದದ್ದು ಇಷ್ಟು.

ಟಸ್ಕಲೂಸಾಗೆ ಹೋದಾಗ ಅಲ್ಲಿನ ಬ್ರಯಂಟ್-ಡೆನ್ನಿ ಸ್ಟೇಡಿಯಂನಲ್ಲಿ 92 ಸಾವಿರ ಜನ ಕೂರಬಹುದಿತ್ತು. ಆಗ ಊರಿನ ಜನಸಂಖ್ಯೆಯೇ ಅದಕ್ಕಿಂತ ಕಡಿಮೆ. 2000ದ ಜನಗಣತಿಯಲ್ಲಿ 77,906, 2010ರಲ್ಲಿ 90,468. ಊರಿನ ಕೂಸು ಮುದುಕರೆಲ್ಲ ಬಂದು ಕೂತರೂ ಸೀಟು ಉಳಿಯುತ್ತಿತ್ತು. 2010ರಲ್ಲಿ ಇನ್ನೊಂದು ಮಹಡಿ ಏರಿಸಿ ಅದನ್ನು ಒಂದು ಲಕ್ಷ ದಾಟಿಸಿದರು. ಸೇಬನ್ ಬಂದ ವರ್ಷ ಏಪ್ರಿಲ್‌ನಲ್ಲಿ ತಂಡದವರೇ ಎರಡು ಭಾಗವಾಗಿ ತಮ್ಮತಮ್ಮಲ್ಲೇ ಆಡಿದ ಒಂದು ಅಭ್ಯಾಸದ ಆಟಕ್ಕೆ ಸ್ಟೇಡಿಯಂ ಭರ್ತಿಯಾಗಿತ್ತಂತೆ. ಅದನ್ನು ಕೇಳಿ ಮೊದಲು ನಾನು ನಂಬಿರಲಿಲ್ಲ. ಆಮೇಲೆ ನಂಬಿದೆ.

ಅವರಿಗೆ ಕೊಟ್ಟ ಸಂಬಳವೂ ಆಗ ದೊಡ್ಡ ಚರ್ಚೆ. ವರ್ಷಕ್ಕೆ 40 ಲಕ್ಷ ಡಾಲರ್, ಎಂಟು ವರ್ಷಕ್ಕೆ ಒಪ್ಪಂದ. ನಮ್ಮ ಲ್ಯಾಬಿನಲ್ಲಿ ಒಂದು ಹಳೆಯ ಉಪಕರಣ ಕೆಟ್ಟು ತಿಂಗಳುಗಟ್ಟಲೆ ಬಿದ್ದಿತ್ತು. ಹಾಗಾಗಿ ನನಗೂ ಸಿಟ್ಟೇ ಬಂದಿತ್ತು. ಆ ವರ್ಷ ತಂಡ ಚೆನ್ನಾಗಿಯೂ ಆಡಲಿಲ್ಲ. ನವೆಂಬರಿನ ಒಂದು ಶನಿವಾರ ಲೂಸಿಯಾನಾ-ಮನ್ರೋ ಅನ್ನುವ ಸಣ್ಣ ಯೂನಿವರ್ಸಿಟಿಯ ತಂಡ ಇವರನ್ನು ಇವರದೇ ಅಂಗಳದಲ್ಲಿ 21-14ರಿಂದ ಸೋಲಿಸಿಬಿಟ್ಟಿತು. ಆ ಸಂಜೆ ನನಗೆ ಈಗಲೂ ನೆನಪಿದೆ. ಹತ್ತಾರು ಸಾವಿರ ಜನ ಸ್ಟೇಡಿಯಂನಿಂದ ಹೊರಗೆ ಬರುತ್ತಿದ್ದರು, ಮಾತಿಲ್ಲ. ಬರೀ ಚಪ್ಪಲಿ ಬೂಟುಗಳ ಸದ್ದು. ಒಬ್ಬ ಅಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ರಸ್ತೆಯಲ್ಲಿ ನಡೆದು ಹೋದ. ಹುಡುಗ ಅವನ ತಲೆಗೂದಲು ಹಿಡಿದು ಮಲಗಿಬಿಟ್ಟಿದ್ದ. ಸ್ಕೋರು ನನಗೆ ಮುಖ್ಯವಾಗಿರಲಿಲ್ಲ. ಆದರೂ ನನ್ನ ಗಂಟಲೂ ಕಟ್ಟಿತು. ಸಂಬಳ ಹೆಚ್ಚಿಲ್ಲದ ತಿಂಗಳು ಅಪ್ಪನ ಗೆಳೆಯರು ಹೀಗೇ ಗೇಟಿನಿಂದ ಹೊರಗೆ ಬರುತ್ತಿದ್ದರು.

ಮುಂದಿನ ವರ್ಷದಿಂದ ಆ ತಂಡ ಸೋಲುವುದನ್ನೇ ಮರೆಯಿತು ಅನ್ನಬೇಕು. 2009ರ ಸೀಸನ್ನಿನಲ್ಲಿ ಆಡಿದ 14 ಆಟಗಳನ್ನೂ ಗೆದ್ದರು.

ಅಜ್ಜಿಯ ಅಂಗಳದ ಹನ್ನೊಂದು ಕಾರು

ನನ್ನ ಬಾಡಿಗೆ ಮನೆಯ ಎದುರಿಗೆ ಒಬ್ಬ ಅಜ್ಜಿ ಇದ್ದರು. ಆಫ್ರಿಕನ್ ಅಮೆರಿಕನ್. ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನನ್ನನ್ನು 'ಬೇಬಿ' ಅಂತಲೇ ಕರೆಯುತ್ತಿದ್ದರು. ನಾನು ಅಲ್ಲಿನ ರೂಢಿಯಂತೆ 'ಮ್ಯಾಮ್' ಅನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರು ಅಜ್ಜಿ.

ವರ್ಷಕ್ಕೆ ಆರೋ ಏಳೋ ಆಟ ಊರಲ್ಲಿ ನಡೆಯುತ್ತವೆ. ಹೆಚ್ಚುಕಡಿಮೆ ಎಲ್ಲವೂ ಶನಿವಾರವೇ. ಬುಧವಾರ, ಗುರುವಾರದಿಂದಲೇ ಮನೆಯಷ್ಟು ದೊಡ್ಡ ವ್ಯಾನುಗಳು ಬಂದು ಬೀಡುಬಿಡುತ್ತಿದ್ದವು. ಶನಿವಾರ ಬೆಳಿಗ್ಗೆ ಹೊತ್ತಿಗೆ ಕ್ಯಾಂಪಸ್ಸಿನ ನಡುವಿನ ಹುಲ್ಲುಹಾಸಿನ ತುಂಬ ಟೆಂಟು, ಹೊಗೆ, ಮಾಂಸ ಸುಡುವ ವಾಸನೆ, ಬ್ಯಾಂಡು. ಊರಲ್ಲಿದ್ದ ಐದಾರು ಕನ್ನಡ ಮನೆಗಳವರು ಗಣೇಶನ ಹಬ್ಬದ ಊಟಕ್ಕೂ ಆಟದ ಪಟ್ಟಿ ನೋಡಿಯೇ ದಿನ ಗೊತ್ತುಮಾಡುತ್ತಿದ್ದೆವು. ಆಟವಿದ್ದ ದಿನ ಊರು ದಾಟಿ ಪೆಲ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಿಬರುವುದು ಸಾಧ್ಯವೇ ಇರಲಿಲ್ಲ.

ಅಜ್ಜಿಯ ತಯಾರಿ ಶುಕ್ರವಾರ ಸಂಜೆ ಶುರು. ಅಂಗಳದಲ್ಲಿ ಒಂದು ಪೀಕನ್ ಮರ. ಉದುರಿದ ಕಾಯಿ, ಎಲೆ ಗುಡಿಸಿ ಜಾಗ ಮಾಡುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಮಡಚುವ ಕುರ್ಚಿ ಹಾಕಿ, ರಟ್ಟಿನ ಮೇಲೆ 'ಪಾರ್ಕಿಂಗ್ 20 ಡಾಲರ್' ಅಂತ ಬರೆದು ಇಟ್ಟು ಕೂರುವುದು. ಆಬರ್ನ್ ಅಥವಾ ಎಲ್ಎಸ್‌ಯುನಂಥ ದೊಡ್ಡ ಎದುರಾಳಿ ತಂಡ ಬಂದ ದಿನ 40. ಅಂಗಳಕ್ಕೆ ಸರಿಯಾಗಿ ಹನ್ನೊಂದು ಕಾರು. ಹೇಗೆ ಅಂದರೆ, ಬಂದವರನ್ನು ಅಜ್ಜಿ ಮೊದಲು ಒಂದು ಮಾತು ಕೇಳುತ್ತಿದ್ದರು: "ಕೊನೆಯವರೆಗೂ ಇರ್ತೀರಾ, ಮೂರನೇ ಕ್ವಾರ್ಟರಿಗೇ ಹೊರಡ್ತೀರಾ?" ಕೊನೆಯವರೆಗೂ ಇರುವವರು ಒಳಗೆ, ಮರದ ಹಿಂದೆ. ಬೇಗ ಹೊರಡುವವರು ರಸ್ತೆ ಕಡೆಗೆ. ಚಿಕ್ಕ ಮಕ್ಕಳನ್ನು ಕರೆತಂದವರು ಏನೇ ಹೇಳಲಿ, ಅವರ ಕಾರು ರಸ್ತೆ ಕಡೆಗೇ. ಅಷ್ಟೂ ವರ್ಷಗಳಲ್ಲಿ ಒಬ್ಬರೂ ಸಿಕ್ಕಿಹಾಕಿಕೊಂಡು ಕೂಗಾಡಿದ್ದು ನಾನು ನೋಡಲಿಲ್ಲ.

ದುಡ್ಡು ಹೋಗುತ್ತಿದ್ದದ್ದು ಒಂದು ಕಾಫಿ ಡಬ್ಬಿಗೆ. ಅದಕ್ಕೆ ಅವರಿಟ್ಟಿದ್ದ ಹೆಸರು ಸೂರಿನ ಡಬ್ಬಿ. ಮನೆಯ ಸೂರು ಸೋರುತ್ತಿತ್ತು. ಒಂದು ವರ್ಷದ ಶನಿವಾರಗಳಲ್ಲಿ ಮುಂದಿನ ಅರ್ಧ ಸೂರು, ಇನ್ನೊಂದು ವರ್ಷದಲ್ಲಿ ಹಿಂದಿನ ಅರ್ಧ. ಹೊಸ ಹಂಚಿನ ಬಣ್ಣ ಎರಡೂ ಕಡೆ ಒಂದೇ ಇರಲಿಲ್ಲ. ಅಂಗಡಿಯಲ್ಲಿ ಮೊದಲಿನದು ಮುಗಿದುಹೋಗಿತ್ತಂತೆ. ನಾನು ಕೈ ತೋರಿಸಿ ಕಾರು ಹಿಂದೆ ಬಿಡಿಸುವ ಕೆಲಸ ಮಾಡುತ್ತಿದ್ದೆ. ದುಡ್ಡು ಬೇಡ ಅಂದರೆ ಪೀಕನ್ ಪೈ ಕೊಡುತ್ತಿದ್ದರು. ನಾನು ಚಕ್ಕುಲಿ ಮಾಡಿದಾಗ ಒಯ್ದು ಕೊಡುತ್ತಿದ್ದೆ.

ಆಗ ಆಟ ಶುರುವಾಗುತ್ತಿದ್ದದ್ದು ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆಗೆ. ಕಾರುಗಳೆಲ್ಲ ನಿಂತ ಮೇಲೆ ನಾವಿಬ್ಬರೂ ಜಗಲಿ ಮೇಲೆ ಕೂರುತ್ತಿದ್ದೆವು. ಅವರ ಹತ್ತಿರ ಸಣ್ಣ ರೇಡಿಯೋ. ಈಲೈ ಗೋಲ್ಡ್ ಅವರ ಕಾಮೆಂಟರಿ. ರೇಡಿಯೋ ಕೆಲವು ಸೆಕೆಂಡು ಹಿಂದೆ ಇರುತ್ತಿತ್ತು. ಮೊದಲು ಸ್ಟೇಡಿಯಂ ಕಡೆಯಿಂದ ಕೂಗು ಬರುತ್ತಿತ್ತು, ನೆಲದೊಳಗಿಂದ ಎದ್ದು ಬಂದ ಹಾಗೆ. ಕಿಟಕಿ ಗಾಜು ಸಣ್ಣಗೆ ನಡುಗುತ್ತಿತ್ತು. ರೇಡಿಯೋದಲ್ಲಿ ಮಾತ್ರ ಇನ್ನೂ ಚೆಂಡು ಕೈಗೆ ಬಂದಿರುತ್ತಿರಲಿಲ್ಲ. ಅಜ್ಜಿ ಬೆರಳೆತ್ತಿ, ಕಣ್ಣು ಮುಚ್ಚಿ, "ಈಗ ಕೇಳು" ಅನ್ನುತ್ತಿದ್ದರು. ಆಮೇಲೆ ರೇಡಿಯೋ ಹೇಳುತ್ತಿತ್ತು ಏನಾಯಿತು ಅಂತ. ಆ ನಡುವಿನ ನಾಲ್ಕೈದು ಸೆಕೆಂಡು ಅವರ ಮುಖದಲ್ಲಿ ಇರುತ್ತಿದ್ದ ಸಂತೋಷ! ಸ್ಟೇಡಿಯಂ ಒಳಗೆ ಅವರು ಯಾವತ್ತೂ ಹೋಗಿರಲಿಲ್ಲ.

2012ರಲ್ಲಿ ಆ ಸಾಲಿನ ಮನೆಗಳನ್ನೆಲ್ಲ ಒಬ್ಬರೇ ಕೊಂಡರು. ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಬರುತ್ತದೆ ಅಂತ ಬೋರ್ಡು ಬಿತ್ತು. ಅಜ್ಜಿಗೆ ಒಳ್ಳೆಯ ಬೆಲೆಯೇ ಸಿಕ್ಕಿತು. ಅವರಿಗೆ ಮೋಸವಾಯಿತು ಅಂತ ನಾನು ಹೇಳಲಾರೆ. ನದಿಯ ಆಚೆ ನಾರ್ತ್‌ಪೋರ್ಟಿನಲ್ಲಿ ಮಗಳ ಮನೆಗೆ ಹೋದರು. ಎರಡು ಬಣ್ಣದ ಆ ಸೂರನ್ನು ಜೆಸಿಬಿ ಅರ್ಧ ಗಂಟೆಯಲ್ಲಿ ಇಳಿಸಿತು.

ಬೆಳೆದದ್ದು ಹೇಗೆ

ಆಟದಿಂದ ಊರಿಗೆ ದುಡ್ಡು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೋಟೆಲು, ಪೆಟ್ರೋಲು, ಟೀಶರ್ಟು. ನಿಜ. ಆದರೆ ಏಳು ಶನಿವಾರ ಟೀಶರ್ಟು ಮಾರಿ ಒಂದು ಊರು ಹತ್ತು ವರ್ಷದಲ್ಲಿ ಅಷ್ಟು ಬೆಳೆಯುವುದಿಲ್ಲ. ಇದನ್ನು ನಾನು ತುಂಬ ದಿನ ಯೋಚಿಸಿದ್ದೇನೆ. ಆಟ ಅಲ್ಲಿ ಅಂಗಡಿಯ ಬೋರ್ಡಿನ ಹಾಗೆ. ಒಳಗೆ ನಡೆಯುತ್ತಿದ್ದ ವ್ಯಾಪಾರ ಅಡ್ಮಿಷನ್ನಿನದು.

2003ರಲ್ಲಿ ರಾಬರ್ಟ್ ವಿಟ್ ಅನ್ನುವವರು ಆ ಯೂನಿವರ್ಸಿಟಿಯ ಅಧ್ಯಕ್ಷರಾಗಿ ಬಂದರು. ಆಗ ಅಲ್ಲಿದ್ದದ್ದು ಸುಮಾರು 20 ಸಾವಿರ ವಿದ್ಯಾರ್ಥಿಗಳು. ಅದನ್ನು 28 ಸಾವಿರಕ್ಕೆ ಏರಿಸಬೇಕು ಅಂತ ಗುರಿ ಇಟ್ಟುಕೊಂಡರು. ನಾನು ಸೇರಿದ 2007ರಲ್ಲಿ 25 ಸಾವಿರ ದಾಟಿತ್ತು. 2017ರ ಹೊತ್ತಿಗೆ 38 ಸಾವಿರ ದಾಟಿತು. 2008ರ ಆರ್ಥಿಕ ಕುಸಿತದ ನಂತರ ಅಲಬಾಮಾ ರಾಜ್ಯ ಕಾಲೇಜುಗಳಿಗೆ ಕೊಡುತ್ತಿದ್ದ ಹಣವನ್ನು ಬಹಳವೇ ಕಡಿತ ಮಾಡಿತು. ಆ ಹಳ್ಳ ತುಂಬಬೇಕಾದರೆ ಫೀಸು ಜಾಸ್ತಿ ಕೊಡುವ ಮಕ್ಕಳು ಬೇಕು. ಅಂದರೆ ಬೇರೆ ರಾಜ್ಯದ ಮಕ್ಕಳು. ಅವರ ಫೀಸು ಅಲಬಾಮಾದ ಮಕ್ಕಳದಕ್ಕಿಂತ ಎರಡೂವರೆ ಮೂರು ಪಟ್ಟು. ಯೂನಿವರ್ಸಿಟಿ ತನ್ನ ಸಿಬ್ಬಂದಿಯನ್ನು ಬೇರೆ ಬೇರೆ ರಾಜ್ಯಗಳಲ್ಲೇ ಇರಿಸಿ ಹೈಸ್ಕೂಲುಗಳಿಗೆ ಕಳಿಸಿತು. ತುಂಬ ಚೆನ್ನಾಗಿ ಓದುವವರಿಗೆ ದೊಡ್ಡ ಸ್ಕಾಲರ್‌ಶಿಪ್ ಕೊಟ್ಟು ಕರೆತಂದಿತು. ಇಲಿನಾಯ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಹುಡುಗರಿಗೆ ಟಸ್ಕಲೂಸಾ ಎಲ್ಲಿದೆ ಅಂತ ಯಾಕೆ ಗೊತ್ತಿರಬೇಕು? ಗೊತ್ತಿತ್ತು. ಪ್ರತಿ ಶನಿವಾರ ಟಿವಿಯಲ್ಲಿ ನೋಡುತ್ತಿದ್ದರಲ್ಲ.

ನಾನು ಜನರಲ್ ಕೆಮಿಸ್ಟ್ರಿ ಲ್ಯಾಬಿಗೆ ಪಾಠ ಮಾಡುತ್ತಿದ್ದೆ. ಮೊದಲ ದಿನ ಎಲ್ಲರನ್ನೂ ಯಾವ ಊರು ಅಂತ ಕೇಳುವುದು ನನ್ನ ಅಭ್ಯಾಸ. 2007ರಲ್ಲಿ ಹಾಜರಿಯ ತುಂಬ ಮೊಬೀಲ್, ಹಂಟ್ಸ್‌ವಿಲ್, ಸೆಲ್ಮಾ, ಎಲ್ಲ ಅಲಬಾಮಾದ ಊರುಗಳೇ. ನಾನು ಹೊರಡುವ ವರ್ಷ ಅರ್ಧಕ್ಕರ್ಧ ಮಕ್ಕಳು ಹೊರಗಿನವರು. ಯಾಕೆ ಬಂದಿರಿ ಅಂದರೆ ಸ್ಕಾಲರ್‌ಶಿಪ್ ಅಂತಲೂ ಹೇಳುತ್ತಿದ್ದರು, ಫುಟ್‌ಬಾಲ್ ಅಂತಲೂ ಹೇಳುತ್ತಿದ್ದರು, ನಾಚಿಕೆ ಇಲ್ಲದೆ. ಅವರಲ್ಲಿ ಬಹಳ ಜನ ಒಳ್ಳೆಯ ವಿದ್ಯಾರ್ಥಿಗಳು. 2013ರಲ್ಲಿ ವಿಟ್ ಅವರು ಟಿವಿ ಸಂದರ್ಶನವೊಂದರಲ್ಲಿ, ಸೇಬನ್ ಮೇಲೆ ಹಾಕಿದ ಹಣವೇ ಈ ಯೂನಿವರ್ಸಿಟಿ ಮಾಡಿದ ಅತ್ಯುತ್ತಮ ಹೂಡಿಕೆ ಅಂತ ಹೇಳಿದರು. ಕೆಟ್ಟು ಬಿದ್ದ ಉಪಕರಣದ ಸಿಟ್ಟಿನಲ್ಲಿದ್ದ ನಾನು ಅದನ್ನು ಕೇಳಿ ಸುಮ್ಮನಾದೆ. ಆ ಹೊತ್ತಿಗೆ ನಮ್ಮ ಕ್ಯಾಂಪಸ್ಸಿನಲ್ಲಿ ವಿಜ್ಞಾನ, ಎಂಜಿನಿಯರಿಂಗ್‌ಗೆ ಹೊಸ ಕಟ್ಟಡಗಳು ಎದ್ದಿದ್ದವು. ನಾನೇ ಅದರಲ್ಲಿ ಕೆಲಸ ಮಾಡಿದ್ದೆ.

ಆದರೆ ಅಲಬಾಮಾದ ತೆರಿಗೆಯಿಂದ ಕಟ್ಟಿದ ಯೂನಿವರ್ಸಿಟಿಯಲ್ಲಿ ಅಲಬಾಮಾದ ಮಕ್ಕಳೇ ಅರ್ಧಕ್ಕಿಂತ ಕಡಿಮೆ ಆದದ್ದು ನನಗೆ ಸರಿ ಕಾಣುವುದಿಲ್ಲ. ಸೆಲ್ಮಾದ ಹುಡುಗಿಯ ಸೀಟು ಯಾರೂ ಕಿತ್ತುಕೊಂಡಿಲ್ಲ ಅನ್ನಬಹುದು. ಅವಳ ಬಾಡಿಗೆ ಮಾತ್ರ ಏರಿತಲ್ಲ. ಹೊಸ ಅಪಾರ್ಟ್‌ಮೆಂಟುಗಳು ಕಟ್ಟಿದ್ದು ಹೊರಗಿನಿಂದ ಬಂದ ಮಕ್ಕಳ ಅಪ್ಪ ಅಮ್ಮಂದಿರ ಜೇಬು ನೋಡಿ. ಇನ್ನು ಕೆಲವು ಕಟ್ಟಡಗಳಂತೂ ಬರೀ ಆಟದ ದಿನಗಳಿಗೆ. ಅಭಿಮಾನಿಗಳು ಕೊಂಡು, ಆ ಏಳು ವಾರಾಂತ್ಯಕ್ಕೆ ಬಂದು, ಬೀಗ ಹಾಕಿಕೊಂಡು ಹೋಗುವ ಫ್ಲಾಟುಗಳು. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಲ್ಯಾಬಿನಿಂದ ನಡೆದು ಬರುವಾಗ ಅಂಥದೊಂದು ಕಟ್ಟಡ ದಾಟಬೇಕಿತ್ತು. ನಾಲ್ಕು ಮಹಡಿ, ಎಲ್ಲ ಕಿಟಕಿ ಕತ್ತಲು, ಮೆಟ್ಟಿಲ ಮೇಲೆ ಒಂದು ಬಲ್ಬು. ಬಾಗಿಲಿಗೆ ತೂಗುಹಾಕಿದ ಕೆಂಪು ಹೂಮಾಲೆ ಬಿಸಿಲಿಗೆ ಬೆಳ್ಳಗಾಗಿರುತ್ತಿತ್ತು.

ಇನ್ನೊಂದು ಮಾತು. ಈ ಬೆಳವಣಿಗೆಯಲ್ಲಿ ಸ್ವಲ್ಪ ಪಾಲು ಪಕ್ಕದ ಬರ್ಮಿಂಗ್‌ಹ್ಯಾಮ್‌ನಿಂದ ಬಂದದ್ದು. ಅದು ಕಬ್ಬಿಣದ ಊರು, ನಮ್ಮ ಭದ್ರಾವತಿಯ ದೊಡ್ಡಣ್ಣ ಅನ್ನಿ. ಅಲಬಾಮಾ ತಂಡ ದಶಕಗಳ ಕಾಲ ತನ್ನ ದೊಡ್ಡ ಆಟಗಳನ್ನು ಅಲ್ಲಿನ ಲೀಜನ್ ಫೀಲ್ಡ್‌ನಲ್ಲಿ ಆಡುತ್ತಿತ್ತು. ಟಸ್ಕಲೂಸಾದ ಸ್ಟೇಡಿಯಂ ದೊಡ್ಡದಾದ ಹಾಗೆ ಆಟಗಳು ಒಂದೊಂದಾಗಿ ಇಲ್ಲಿಗೆ ಬಂದವು. ಕೊನೆಯದು 2003ರಲ್ಲಿ. ಅಲ್ಲಿನ ಶನಿವಾರಗಳು ಇಲ್ಲಿಗೆ ಬಂದವು, ಅಷ್ಟೇ.

ಟಸ್ಕಲೂಸಾಗೆ ಇನ್ನೊಂದು ಕಂಬವೂ ಇತ್ತು. 1997ರಿಂದ ವ್ಯಾನ್ಸ್ ಬಳಿ ಮರ್ಸಿಡಿಸ್ ಕಾರು ತಯಾರಾಗುತ್ತಿದೆ. ನನ್ನ ಗೆಳತಿಯಂಥವರು ಬಂದದ್ದೇ ಅದರಿಂದ. ಇದೆಲ್ಲ ನೋಡದೆ, ಒಬ್ಬ ಒಳ್ಳೆಯ ಕೋಚ್ ತಂದರೆ ನಮ್ಮ ಊರೂ ಹೀಗೇ ಆಗುತ್ತದೆ ಅಂತ ಹೊರಟ ಯೂನಿವರ್ಸಿಟಿಗಳು ಬಹಳ. ಹೆಚ್ಚಿನವುಗಳಲ್ಲಿ ಆಟದ ವಿಭಾಗ ತನ್ನ ಖರ್ಚನ್ನೇ ತಾನು ದುಡಿಯುವುದಿಲ್ಲ. ಕಡಿಮೆ ಬಿದ್ದದ್ದನ್ನು ವಿದ್ಯಾರ್ಥಿಗಳ ಫೀಸಿನಿಂದ, ಯೂನಿವರ್ಸಿಟಿಯ ಹಣದಿಂದ ತುಂಬುತ್ತಾರೆ. ಇದೇ ಅಲಬಾಮಾ ವ್ಯವಸ್ಥೆಗೆ ಸೇರಿದ ಬರ್ಮಿಂಗ್‌ಹ್ಯಾಮ್ ಕ್ಯಾಂಪಸ್ 2014ರ ಡಿಸೆಂಬರಿನಲ್ಲಿ ಖರ್ಚು ತಾಳಲಾರದೆ ಫುಟ್‌ಬಾಲ್ ನಿಲ್ಲಿಸಿತು. ಊರವರು ಹಣ ಕೂಡಿಸುತ್ತೇವೆ ಅಂತ ನಿಂತ ಮೇಲೆ ಆರು ತಿಂಗಳಲ್ಲಿ ಮತ್ತೆ ಶುರುಮಾಡುತ್ತೇವೆ ಅಂತ ಹೇಳಿತು, ತಂಡ ಮತ್ತೆ ಅಂಗಳಕ್ಕಿಳಿದದ್ದು 2017ರಲ್ಲಿ.

ಆಡಿದವರು

ಕ್ಯಾಂಪಸ್ಸಿನಲ್ಲಿ ಫಾಸ್ಟರ್ ಆಡಿಟೋರಿಯಂ ಇದೆ. ಅದೂ ಒಂದು ಆಟದ ಕಟ್ಟಡವೇ. ಆಗ ಬಾಸ್ಕೆಟ್‌ಬಾಲ್ ಅಲ್ಲೇ ಆಡುತ್ತಿದ್ದರು. 1963ರ ಜೂನ್ 11ರಂದು ವಿವಿಯನ್ ಮಲೋನ್, ಜೇಮ್ಸ್ ಹುಡ್ ಅನ್ನುವ ಇಬ್ಬರು ಕಪ್ಪು ವಿದ್ಯಾರ್ಥಿಗಳು ಹೆಸರು ನೋಂದಾಯಿಸಲು ಬಂದಾಗ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್ ಅಡ್ಡ ನಿಂತದ್ದು ಅದರ ಬಾಗಿಲಲ್ಲಿ. ಅದಕ್ಕೂ ಮೊದಲು, 1956ರಲ್ಲಿ ಆಥರೀನ್ ಲೂಸಿ ಮೂರು ದಿನ ತರಗತಿಗೆ ಹೋಗುವಷ್ಟರಲ್ಲಿ ಜನ ಗುಂಪುಕಟ್ಟಿ ಗಲಾಟೆ ಮಾಡಿದ್ದರು. ಯೂನಿವರ್ಸಿಟಿ ಹೊರಹಾಕಿದ್ದು ಆಕೆಯನ್ನು. ಫುಟ್‌ಬಾಲ್ ತಂಡಕ್ಕೆ ಸ್ಕಾಲರ್‌ಶಿಪ್ ಮೇಲೆ ಮೊದಲ ಕಪ್ಪು ಆಟಗಾರ ಬಂದದ್ದು 1970ರಲ್ಲಿ, ವಿಲ್ಬರ್ ಜಾಕ್ಸನ್. 2010ರಲ್ಲಿ ಫಾಸ್ಟರ್ ಆಡಿಟೋರಿಯಂನ ಆ ಬಾಗಿಲ ಮುಂದೆ ಮಲೋನ್, ಹುಡ್, ಲೂಸಿ ಈ ಮೂವರ ಹೆಸರಿನಲ್ಲಿ ಅಂಗಳ, ಗಡಿಯಾರದ ಗೋಪುರ ಕಟ್ಟಿದರು. ಸಂಜೆ ಅಲ್ಲಿ ಕೂರುವುದು ನನಗೆ ಇಷ್ಟವಾಗಿತ್ತು.

ನಾನು ಅಲ್ಲಿದ್ದಾಗ ಆ ತಂಡದ ಹೆಚ್ಚಿನ ಆಟಗಾರರು ಕಪ್ಪು ಹುಡುಗರು. ಫೀಸು, ಊಟ, ವಸತಿ ಬಿಟ್ಟರೆ ಅವರ ಕೈಗೆ ಒಂದು ಡಾಲರೂ ಬರುವ ಹಾಗಿರಲಿಲ್ಲ. ನಿಯಮವೇ ಹಾಗಿತ್ತು. ಕೋಚಿನ ಸಂಬಳ ಕೊನೆಗೆ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿತು. ಕಟ್ಟಡದವರು, ಟಿವಿಯವರು, ಟೀಶರ್ಟಿನವರು, ಹನ್ನೊಂದು ಕಾರಿನ ನಮ್ಮ ಅಜ್ಜಿ, ಎಲ್ಲರೂ ನಾಲ್ಕು ಕಾಸು ನೋಡಿದರು. ಮಂಡಿ ಮುರಿದುಕೊಂಡ ಹುಡುಗ ನೋಡಲಿಲ್ಲ. ನನ್ನ ಲ್ಯಾಬಿಗೆ ಅಂಥ ಒಬ್ಬ ಬರುತ್ತಿದ್ದ, ಕಂಕುಳಲ್ಲಿ ಊರುಗೋಲು. ಬೀಕರ್ ಹಿಡಿಯಲು ಕೈ ಖಾಲಿ ಇರುತ್ತಿರಲಿಲ್ಲ. ಪಕ್ಕದ ಹುಡುಗಿ ಸುರಿಯುತ್ತಿದ್ದಳು, ಅವನು ಅಂಕಿ ಬರೆದುಕೊಳ್ಳುತ್ತಿದ್ದ. ಅಕ್ಷರ ಮುತ್ತಿನ ಹಾಗೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಅಂತ ಆಯಿತು. ಆ ಹುಡುಗನಿಗೆ ಅದು ಹತ್ತು ವರ್ಷ ತಡ.

ಆಟದ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಇನ್ನೊಂದು ಕಡೆ. ಯೂನಿವರ್ಸಿಟಿಯಲ್ಲಿ ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ತಂಡ ಇದೆ. ಮಾರ್ಗರೆಟ್ ಸ್ಟ್ರಾನ್ ಮತ್ತು ಬ್ರೆಂಟ್ ಹಾರ್ಡಿನ್ ದಂಪತಿ 2003ರಲ್ಲಿ ಶುರುಮಾಡಿದ್ದು. ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡ. ನಾನು ನೋಡಿದಾಗ ಅವರು ಆಡುತ್ತಿದ್ದದ್ದು ಎಲ್ಲರೂ ಬಳಸುವ ಜಿಮ್ಮಿನಲ್ಲಿ, ನೋಡುವವರು ನೂರು ಜನ ಇದ್ದರೆ ಹೆಚ್ಚು. ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆದಾಗ ಆಗುವ ಸದ್ದು ನನಗೆ ನಮ್ಮೂರಿನ ರೋಲಿಂಗ್ ಮಿಲ್ಲಿನ ಸದ್ದು. ಶಂಕರಘಟ್ಟದ ಮೈದಾನದ ಹಾಗೆ ಅಲ್ಲೂ ಆಡುವವರ ಉಸಿರು ಕೇಳುತ್ತಿತ್ತು. 2018ರಲ್ಲಿ ಅವರಿಗೇ ಒಂದು ಸ್ವಂತ ಕಟ್ಟಡವಾಯಿತು ಅಂತ ಕೇಳಿ ಬಹಳ ಖುಷಿಪಟ್ಟೆ. ಅದಕ್ಕೆ ಆ ದಂಪತಿಯ ಹೆಸರೇ ಇಟ್ಟಿದ್ದಾರೆ. ದೊಡ್ಡ ಸ್ಟೇಡಿಯಂನ ದುಡ್ಡಿನ ನೆರಳಲ್ಲೇ ಇಂಥದ್ದೂ ಬೆಳೆಯುತ್ತದೆ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಏಪ್ರಿಲ್ 27

2011ರ ಏಪ್ರಿಲ್ 27ರ ಸಂಜೆ ಐದರ ಸುಮಾರಿಗೆ ಸುಂಟರಗಾಳಿ ಊರನ್ನು ಸೀಳಿಕೊಂಡು ಹೋಯಿತು. ನಾನು ಮತ್ತು ರೂಮ್‌ಮೇಟ್ ಬಚ್ಚಲುಮನೆಯ ಟಬ್ಬಿನಲ್ಲಿ ಹಾಸಿಗೆ ಹೊದ್ದು ಕೂತಿದ್ದೆವು. ನಮ್ಮ ರಸ್ತೆ ಉಳಿಯಿತು. ಸ್ಟೇಡಿಯಂ, ಕ್ಯಾಂಪಸ್ ಉಳಿಯಿತು. ಸ್ವಲ್ಪವೇ ದೂರದಲ್ಲಿ ರೋಸ್‌ಡೇಲ್, ಆಲ್ಬರ್ಟಾ ಸಿಟಿ ಕಡೆ ಮನೆಗಳೇ ಇರಲಿಲ್ಲ. ಅದು ಬರ್ಮಿಂಗ್‌ಹ್ಯಾಮ್‌ವರೆಗೂ ಹೋಗಿ ಒಟ್ಟು 64 ಜನರನ್ನು ಕೊಂದಿತು. ಪರೀಕ್ಷೆ ರದ್ದಾಯಿತು. ಪದವಿ ಪ್ರದಾನ ಆಗಸ್ಟಿಗೆ ಹೋಯಿತು.

ಮರುದಿನ ಬೆಳಿಗ್ಗೆ ಊರು ಗುರುತೇ ಸಿಗಲಿಲ್ಲ. ಆಟಗಾರರು, ಮೇಷ್ಟ್ರುಗಳು, ನಮ್ಮಂಥ ಹೊರದೇಶದವರು, ಎಲ್ಲರೂ ನೀರಿನ ಬಾಟಲಿ ಹೊತ್ತೆವು. ಎಲ್ಲಕ್ಕಿಂತ ನೆನಪಿರುವುದು ಆಬರ್ನ್‌ನಿಂದ ಬಂದ ಟ್ರಕ್ಕುಗಳು. ಆಬರ್ನ್ ಇವರ ಬದ್ಧವೈರಿ. ಕೆಲವೇ ತಿಂಗಳ ಹಿಂದೆ ಅಲಬಾಮಾದ ಅಭಿಮಾನಿಯೊಬ್ಬ ಆಬರ್ನ್‌ನವರು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಓಕ್ ಮರಗಳಿಗೆ ವಿಷ ಹಾಕಿದ್ದ. ಆ ಸಿಟ್ಟು ಇನ್ನೂ ಹಸಿಯಾಗಿದ್ದಾಗಲೇ ಅವರು 'ಟೂಮರ್ಸ್ ಫಾರ್ ಟಸ್ಕಲೂಸಾ' ಅಂತ ಗುಂಪು ಮಾಡಿಕೊಂಡು ಗರಗಸ, ಡೈಪರ್, ಊಟ ತುಂಬಿಕೊಂಡು ಬಂದರು. ಕಿತ್ತಳೆ ಬಣ್ಣದ ಆಬರ್ನ್ ಟೋಪಿ ಹಾಕಿಕೊಂಡವನೊಬ್ಬ ನಮ್ಮ ಅಜ್ಜಿಯ ಅಂಗಳದಲ್ಲಿ ಬಿದ್ದ ಪೀಕನ್ ಕೊಂಬೆ ಕತ್ತರಿಸಿ ಕೊಟ್ಟು, ನೀರು ಕುಡಿದು ಹೋದ. ಅಜ್ಜಿ ಅವನಿಗೂ 'ಬೇಬಿ' ಅಂದರು. ಆಮೇಲೆ ಸೇಬನ್ ದಂಪತಿಯ ದತ್ತಿ ಸಂಸ್ಥೆ, ತಂಡ ಗೆದ್ದ ರಾಷ್ಟ್ರೀಯ ಪ್ರಶಸ್ತಿಗಳಷ್ಟೇ ಮನೆ ಕಟ್ಟಿಸುತ್ತೇವೆ ಅಂತ ಹೊರಟು ಮನೆ ಕಳೆದುಕೊಂಡವರಿಗೆ ಕಟ್ಟಿಸಿಕೊಟ್ಟಿತು.

ಭದ್ರಾವತಿಯಲ್ಲಿ ಕಾರ್ಖಾನೆಗೆ ಕಷ್ಟ ಬಂದಾಗ ಬೀದಿಗೆ ಬಂದದ್ದೂ ಇಂಥದ್ದೇ ಜನ. ಒಂದು ಊರು ಒಂದೇ ಹೆಸರನ್ನು ನೂರು ವರ್ಷ ಕೂಗಿದರೆ ಅದರಿಂದ ಏನೋ ಒಂದು ಕಟ್ಟಿಕೊಳ್ಳುತ್ತದೆ. ಅದಕ್ಕೆ ರೂಪಾಯಿ ಲೆಕ್ಕ ಹಾಕಲು ನನಗೆ ಬರುವುದಿಲ್ಲ.

ಫ್ಲಾಟು

ಅವರು ಫ್ಲಾಟ್ ಮಾರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಸ್ಟೇಡಿಯಂನ ಮೈದಾನಕ್ಕೆ ಸೇಬನ್ ಹೆಸರಿಟ್ಟರು. ಹೊಸ ಕೋಚ್ ಬಂದರು, ಕೆಲವು ಆಟ ಸೋತರು, ಜನ ಬೈದರು. ವಿದ್ಯಾರ್ಥಿಗಳ ಸಂಖ್ಯೆ ಮಾತ್ರ ಆ ವರ್ಷ 40 ಸಾವಿರ ದಾಟಿತು. ಕಂಬ ನಾನು ಅಂದುಕೊಂಡಷ್ಟು ಒಂಟಿಯಾಗಿರಲಿಲ್ಲವೋ ಏನೋ. ಅಥವಾ ನಮ್ಮೂರಿನ ಹಾಗೆ ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷ ಬೇಕೋ. ಗೆಳತಿಗೆ ಇದನ್ನು ಹೇಳಲಿಲ್ಲ. ಅವಳ ಮಗಳಿಗೆ ಈಗ ಹತ್ತು ವರ್ಷ.

2013ರಲ್ಲಿ ಊರು ಬಿಡುವ ಮೊದಲು ನಾರ್ತ್‌ಪೋರ್ಟಿಗೆ ಹೋಗಿ ಅಜ್ಜಿಯನ್ನು ನೋಡಿಬಂದಿದ್ದೆ. ಮಗಳ ಮನೆ ಚೆನ್ನಾಗಿತ್ತು, ಸೂರು ಸೋರುತ್ತಿರಲಿಲ್ಲ. ರೇಡಿಯೋ ತಲೆದಿಂಬಿನ ಪಕ್ಕ. "ಇಲ್ಲಿಗೆ ಕೂಗು ಕೇಳಿಸಲ್ಲ ಬೇಬಿ, ಈಗ ರೇಡಿಯೋ ಹೇಳಿದ ಮೇಲೇ ನಂಗೂ ಗೊತ್ತಾಗೋದು" ಅಂದಿದ್ದರು.

ಕಳೆದ ಸೀಸನ್ನಿನ ಒಂದು ಶನಿವಾರ ಗೆಳತಿ ಒಂದು ವಿಡಿಯೋ ಕಳಿಸಿದಳು. ಫ್ಲಾಟು ಎರಡು ಬಾಡಿಗೆಗಳ ನಡುವೆ ಖಾಲಿ ಇತ್ತಂತೆ, ಆಟದ ದಿನ ಇವರೇ ಹೋಗಿ ಕೂತಿದ್ದರು. ಮೂರನೇ ಮಹಡಿಯ ಬಾಲ್ಕನಿ. ಕೆಳಗೆ ಅಜ್ಜಿಯ ಅಂಗಳವಿದ್ದ ಕಡೆ ಕಾಂಕ್ರೀಟು, ಸಾಲಾಗಿ ಕಾರು. ಮಗಳು ಕಟಕಟೆ ಹಿಡಿದು ನಿಂತಿದ್ದಾಳೆ. ಒಳಗೆ ಟಿವಿಯಲ್ಲಿ ಆಟ. ಇದ್ದಕ್ಕಿದ್ದ ಹಾಗೆ ದೂರದಿಂದ ಆ ಕೂಗು. ಹುಡುಗಿ ಹಿಂದೆ ತಿರುಗಿ, "ಅಮ್ಮಾ, ಟಿವೀಲಿ ಇನ್ನೂ ಆಗಿಲ್ಲ, ನೋಡು ಈಗ, ಈಗ" ಅಂತ ಕುಣಿಯುತ್ತಾಳೆ. ನಾಲ್ಕೈದು ಸೆಕೆಂಡು. ಆಮೇಲೆ ಟಿವಿಯಲ್ಲೂ ಆಯಿತು.